ಓಆರ್‌ಎಂ ಸ್ಲೋ ಅಂತ ಕಿತ್ತಾಕೋ ಮುಂಚೆ

ಪ್ರಶ್ನೆ: ಸಾರ್, ಜಾಂಗೋದಲ್ಲಿ (ಪೈಥಾನಿನ ವೆಬ್ ಫ್ರೇಮ್‌ವರ್ಕ್) ಆರ್ಡರ್ ಲಿಸ್ಟ್ ಪೇಜ್ ಮಾಡಿದೀನಿ. ಲ್ಯಾಪ್‌ಟಾಪಲ್ಲಿ ಹತ್ತಿಪ್ಪತ್ತು ರೆಕಾರ್ಡ್ ಇಟ್ಕೊಂಡು ನೋಡಿದಾಗ ಸರ್ರಂತ ಬರ್ತಿತ್ತು, ಈಗ ಸರ್ವರಲ್ಲಿ ನಿಜವಾದ ಡೇಟಾ ಸೇರಿದ್ಮೇಲೆ ಪೇಜ್ ತೆರೆಯೋದೇ ಇಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್. ನಮ್ ಸೀನಿಯರ್ರು ಓಆರ್‌ಎಂ (ನಾವು ಬರೆದ ಕೋಡನ್ನ ತಾನೇ ಡೇಟಾಬೇಸಿನ ಭಾಷೆಗೆ ತಿರುಗಿಸೋ ಲೈಬ್ರರಿ) ಅಂದ್ರೇನೇ ಸ್ಲೋ, ಎಲ್ಲಾ ಕಿತ್ತಾಕಿ ಆ ಭಾಷೆ ಎಸ್‌ಕ್ಯೂಎಲ್‌ನಲ್ಲೇ ನೇರ ಬರಿ ಅಂತಿದಾರೆ. ಹೌದಾ?

ಉತ್ತರ: ನೆಗಡಿ ಬಂತು ಅಂತ ಮೂಗು ಕೊಯ್ಕೋಬೇಡಿ. ಆ ಪೇಜ್ ಒಂದ್ಸಲ ತೆರೆದ್ರೆ ಡೇಟಾಬೇಸಿಗೆ ಎಷ್ಟು ಕ್ವೆರಿ (ಅಂದ್ರೆ ಡೇಟಾ ಕೊಡು ಅನ್ನೋ ಕೇಳಿಕೆ) ಹೋಗುತ್ತೆ ಅಂತ ಮೊದ್ಲು ಎಣಿಸಿ, ಜಾಂಗೋ ಡೀಬಗ್ ಟೂಲ್‌ಬಾರ್ ಹಾಕ್ಕೊಂಡ್ರೆ ಪಕ್ಕದಲ್ಲೇ ತೋರ್ಸುತ್ತೆ. ಬಹುಶಃ ಇದು ಎನ್ ಪ್ಲಸ್ ಒನ್ ಅನ್ನೋ ಹಳೇ ಕಾಯಿಲೆನೇ: 100 ಆರ್ಡರ್ ತರೋಕೆ ಒಂದು ಕ್ವೆರಿ, ಆಮೇಲೆ ಟೆಂಪ್ಲೇಟಿನ ಲೂಪ್ ಒಳಗೆ ಆರ್ಡರ್ ಡಾಟ್ ಕಸ್ಟಮರ್ ಡಾಟ್ ನೇಮ್ ಅಂತ ಬರೆದಿರ್ತೀರಲ್ಲ, ಅಲ್ಲಿ ಪ್ರತಿ ಆರ್ಡರಿಗೂ ಇನ್ನೊಂದೊಂದು, ಒಟ್ಟು 101. ಲ್ಯಾಪ್‌ಟಾಪಲ್ಲಿ ಡೇಟಾಬೇಸೂ ಅದೇ ಮಷೀನಲ್ಲಿರುತ್ತೆ, ಅದಕ್ಕೇ ಗೊತ್ತಾಗಲ್ಲ, ಸರ್ವರಲ್ಲಿ ಬೇರೆ ಮಷೀನಾದ್ರೆ ಪ್ರತಿ ಕ್ವೆರಿಗೂ ನೆಟ್‌ವರ್ಕ್ ದಾಟಿ ಹೋಗಿ ಬರ್ಬೇಕು. ಮಜಾ ಏನಂದ್ರೆ ಒಂದೊಂದನ್ನೇ ತಗೊಂಡ್ರೆ ಎಲ್ಲಾ ಕ್ವೆರಿನೂ ಫಾಸ್ಟೇ, ಹಾಗಾಗಿ ಸ್ಲೋ ಕ್ವೆರಿ ಲಾಗಲ್ಲಿ ಹುಡುಕಿದ್ರೆ ಕೈಗೆ ಸಿಗಲ್ಲ.

ಕಸ್ಟಮರ್ ಥರ ಫಾರಿನ್ ಕೀ (ಇನ್ನೊಂದು ಟೇಬಲ್ಲಿನ ಸಾಲನ್ನ ತೋರಿಸೋ ಕಾಲಮ್) ಇದ್ದ ಕಡೆ ಸೆಲೆಕ್ಟ್ ರಿಲೇಟೆಡ್ ಹಾಕಿ, ಅದು ಎರಡೂ ಟೇಬಲ್ ಜಾಯಿನ್ ಮಾಡಿ ಒಂದೇ ಕ್ವೆರಿಲಿ ತರುತ್ತೆ. ಒಂದು ಆರ್ಡರಿಗೆ ಹತ್ತಾರು ಐಟಂ ಇರೋ ಕಡೆ ಪ್ರೀಫೆಚ್ ರಿಲೇಟೆಡ್, ಇದು ಐಟಂಗಳನ್ನೆಲ್ಲ ಇನ್ನೊಂದು ಕ್ವೆರಿಲಿ ಒಟ್ಟಿಗೆ ತಂದು ಪೈಥಾನ್ ಒಳಗೇ ಜೋಡಿಸುತ್ತೆ. ಇಲ್ಲೊಂದು ಗುಂಡಿ ಇದೆ, ಬಹಳ ಜನ ಬೀಳ್ತಾರೆ: ಪ್ರೀಫೆಚ್ ಮಾಡಿ ಆಮೇಲೆ ಲೂಪಲ್ಲಿ ಐಟಮ್ಸ್ ಮೇಲೆ ಫಿಲ್ಟರ್ ಕರೆದ್ರೆ ತಂದಿಟ್ಟಿದ್ದೆಲ್ಲ ವೇಸ್ಟು, ಮತ್ತೆ ಪ್ರತಿ ಸಲ ಹೊಸ ಕ್ವೆರಿ ಹೋಗುತ್ತೆ, ಅಂದ್ರೆ ಮುಂಚೆಗಿಂತ ಒಂದು ಜಾಸ್ತಿನೇ ಆಯ್ತು. ಫಿಲ್ಟರ್ ಬೇಕೇ ಬೇಕು ಅಂದ್ರೆ ಪ್ರೀಫೆಚ್ ಆಬ್ಜೆಕ್ಟ್ ಮಾಡಿ ಅದರೊಳಗೇ ಕ್ವೆರಿಸೆಟ್ ಕೊಡಿ. ಬರೀ ಐಟಂ ಎಷ್ಟಿದೆ ಅಂತ ತೋರಿಸೋಕಾದ್ರೆ ಐಟಂ ತರೋದೇ ಬೇಡ, ಆನೋಟೇಟ್ ಜೊತೆ ಕೌಂಟ್ ಸಾಕು, ಡೇಟಾಬೇಸೇ ಎಣಿಸಿ ಕೊಡುತ್ತೆ.

ಇಷ್ಟಾದ್ಮೇಲೂ ನಿಧಾನ ಇದ್ರೆ ಎಕ್ಸ್‌ಪ್ಲೇನ್ ಅನಲೈಜ್ ನೋಡಿ, ಪೋಸ್ಟ್‌ಗ್ರೆಸ್ ಆ ಕ್ವೆರಿನ ಹೇಗೆ ಓಡಿಸ್ತು, ಎಲ್ಲಿ ಹೊತ್ತು ಹೋಯ್ತು ಅಂತ ಅದು ತೋರ್ಸುತ್ತೆ. ಫಾರಿನ್ ಕೀಗೆ ಜಾಂಗೋನೇ ಇಂಡೆಕ್ಸ್ (ಬೇಗ ಹುಡುಕೋಕೆ ಪುಸ್ತಕದ ಸೂಚಿ ಥರದ್ದು) ಹಾಕಿರುತ್ತೆ, ಆದ್ರೆ ನೀವು ಸ್ಟೇಟಸ್ಸು, ತಾರೀಕು ಅಂತ ಹುಡುಕೋ ಕಾಲಮ್ಮಿಗೆ ನೀವೇ ಹಾಕ್ಬೇಕು. ಒಂದೆರಡು ಗೋಜಲಿನ ರಿಪೋರ್ಟಿಗೆ ನೇರ ಎಸ್‌ಕ್ಯೂಎಲ್ ಬರೆದ್ರೆ ತಪ್ಪೇನಿಲ್ಲ, ಸೀನಿಯರ್ ಮಾತು ಅಷ್ಟರ ಮಟ್ಟಿಗೆ ಸರಿ. ಪೇಜ್ ಸರಿ ಹೋದ್ಮೇಲೆ ಇಷ್ಟೇ ಕ್ವೆರಿ ಹೋಗ್ಬೇಕು ಅಂತ ಪರೀಕ್ಷಿಸೋ assertNumQueries ಇಟ್ಟು ಒಂದು ಟೆಸ್ಟ್ ಹಾಕಿಡಿ, ಮುಂದೆ ಯಾರೋ ಟೆಂಪ್ಲೇಟಲ್ಲಿ ಒಂದು ಲೈನ್ ಸೇರಿಸಿ ಮತ್ತೆ 101 ಮಾಡಿದ್ರೆ ಅಲ್ಲೇ ಸಿಕ್ಕಿಬೀಳುತ್ತೆ.

ಪ್ರಶ್ನೆ: ನಾವು ಹೈಬರ್ನೇಟ್ (ಜಾವಾದ ಓಆರ್‌ಎಂ) ಬಳಸೋದು. ಎಲ್ಲಾ ರಿಲೇಶನ್ನಿಗೂ ಈಗರ್ (ಕೇಳದಿದ್ರೂ ಜೊತೆಗೇ ತರೋದು) ಅಂತ ಹಾಕ್ಬಿಟ್ರೆ ಈ ತಲೆನೋವೇ ಇರಲ್ಲ ಅಲ್ವಾ?

ಉತ್ತರ: ಜಾಸ್ತಿ ಆಗುತ್ತೆ. ಎಂಟಿಟಿಲಿ (ಟೇಬಲ್ಲಿಗೆ ಹೊಂದಿಸಿದ ಜಾವಾ ಕ್ಲಾಸಲ್ಲಿ) ಈಗರ್ ಅಂತ ಬರೆದ್ರೆ ಬೇಕಿದ್ರೂ ಬೇಡದಿದ್ರೂ ಎಲ್ಲಾ ಕಡೆ ಹೊತ್ಕೊಂಡು ಬರುತ್ತೆ. ಒಂದು ಆರ್ಡರಿಗೆ 20 ಐಟಂ, 10 ಪೇಮೆಂಟ್ ಇದ್ದು ಎರಡನ್ನೂ ಒಂದೇ ಜಾಯಿನಲ್ಲಿ ತಂದ್ರೆ 200 ಸಾಲು ಬರುತ್ತೆ, ಎರಡೂ ಬರೀ ಲಿಸ್ಟ್ ಆಗಿದ್ರೆ ಹೈಬರ್ನೇಟ್ ಮಲ್ಟಿಪಲ್ ಬ್ಯಾಗ್ ಫೆಚ್ ಎಕ್ಸೆಪ್ಶನ್ ಎಸೆದು ಕೂತ್ಕೊಳುತ್ತೆ. ಮೆನಿ ಟು ಒನ್ (ಹಲವು ಆರ್ಡರಿಗೆ ಒಬ್ಬ ಕಸ್ಟಮರ್ ಥರದ್ದು) ಡೀಫಾಲ್ಟಾಗೇ ಈಗರ್, ಮೊದ್ಲು ಅದನ್ನೂ ಲೇಜಿ (ಬೇಕಾದಾಗ ಮಾತ್ರ ತರೋದು) ಮಾಡಿ, ಆಮೇಲೆ ಯಾವ ಸ್ಕ್ರೀನಿಗೆ ಏನು ಬೇಕೋ ಆ ಕ್ವೆರಿಲಿ ಮಾತ್ರ ಜಾಯಿನ್ ಫೆಚ್ ಬರೀರಿ. ಆದ್ರೆ ಐಟಂಗಳ ಥರ ಕಲೆಕ್ಷನ್ ಫೆಚ್ ಮಾಡ್ತಾ ಜೊತೆಗೆ ಪೇಜಿಂಗೂ ಇಟ್ರೆ ಎಲ್ಲಾ ಸಾಲನ್ನೂ ಮೆಮೊರಿಗೆ ಎಳ್ಕೊಂಡು ಅಲ್ಲಿ ಕತ್ತರಿಸುತ್ತೆ, ಲಾಗಲ್ಲಿ ಒಂದು ವಾರ್ನಿಂಗ್ ಬಿಟ್ರೆ ಏನೂ ಹೇಳಲ್ಲ. ಅಲ್ಲಿ ಮೊದ್ಲು ಆ ಪೇಜಿನ ಐಡಿಗಳನ್ನಷ್ಟೇ ತಗೊಂಡು, ಎರಡನೇ ಕ್ವೆರಿಲಿ ಆ ಐಡಿಗಳಿಗೆ ಫೆಚ್ ಮಾಡಿ.