ಕೈಗೆ ಕ್ಯೂ ಬಂತು, ಯು ಇಲ್ಲ: ಸ್ಕ್ರ್ಯಾಬಲ್ ಪ್ರಶ್ನೋತ್ತರ

ಪ್ರಶ್ನೆ: ಮಕ್ಕಳ ಜೊತೆ ಸ್ಕ್ರ್ಯಾಬಲ್ (ಅಕ್ಷರದ ಬಿಲ್ಲೆಗಳಿಂದ ಇಂಗ್ಲಿಷ್ ಪದ ಕಟ್ಟುವ ಬೋರ್ಡ್ ಆಟ) ಆಡುವಾಗ ಕ್ಯೂ ಬಿಲ್ಲೆ ಬಂದರೆ ಯು ಬರುವವರೆಗೂ ಕಾಯುತ್ತೇವೆ. ಯು ಇಲ್ಲದ ಕ್ಯೂ ಪದಗಳು ನಿಜವಾಗಿ ಇವೆಯೇ? ಅವನ್ನು ನೆನಪಿಡುವುದು ಹೇಗೆ? (ಹುಬ್ಬಳ್ಳಿಯ ಓದುಗರು)

ಉತ್ತರ: ಧಾರಾಳವಾಗಿ ಇವೆ. ಕಾಯುವುದು ನಷ್ಟದ ಆಟ. ಪೆಟ್ಟಿಗೆಯ 100 ಬಿಲ್ಲೆಗಳಲ್ಲಿ ಯು ಇರುವುದು 4, ಯಾವ ಅಕ್ಷರವಾಗಿಯಾದರೂ ಬಳಸಬಹುದಾದ ಖಾಲಿ ಬಿಲ್ಲೆ 2. ಅವುಗಳಲ್ಲಿ ಅರ್ಧ ಎದುರಾಳಿಯ ಕೈಗೇ ಹೋಗಬಹುದು. ಅಷ್ಟು ಹೊತ್ತೂ ನೀವು 7ರ ಬದಲು 6 ಬಿಲ್ಲೆಗಳಲ್ಲಿ ಆಡುತ್ತಿರುತ್ತೀರಿ. ಏಳನ್ನೂ ಒಮ್ಮೆಗೇ ಇಟ್ಟಾಗ ಸಿಗುವ 50 ಅಂಕ ದೂರವಾಗುವುದು ಹೀಗೆ.

ಪಟ್ಟಿಯನ್ನು ಬಾಯಿಪಾಠ ಮಾಡುವ ಮೊದಲು ಅದರ ಹಿಂದಿನ ಕಾರಣ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಹಳೆಯ ಇಂಗ್ಲಿಷಿನಲ್ಲಿ ‘ಕ್ವೀನ್’ ಪದವನ್ನು ಸಿ-ಡಬ್ಲ್ಯೂ ಹಾಕಿ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದ್ಧತಿಯ ಕ್ಯೂ-ಯು ಜೋಡಿ ನೆಲೆಯಾಯಿತು. ಹಾಗಾಗಿ ಯು ಇಲ್ಲದ ಕ್ಯೂ ಕಂಡರೆ ಆ ಪದ ಬಹುಪಾಲು ಹೊರಗಿನಿಂದ ಬಂದದ್ದು ಎಂದೇ ತಿಳಿಯಿರಿ. ಹೆಚ್ಚಿನವು ಬಂದಿರುವುದು ಅರಬ್ಬಿಯಿಂದ. ಗಂಟಲಾಳದಿಂದ ಹೊರಡುವ ‘ಖಾಫ್’ ಅಕ್ಷರಕ್ಕೆ ರೋಮನ್ ಲಿಪಿಯಲ್ಲಿ ಕ್ಯೂ ಬಳಸುತ್ತಾರೆ.

ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಈ ಪದಗಳಲ್ಲಿ ಹಲವು ಉರ್ದುವಿನ ಮೂಲಕ ನಮ್ಮ ಕಿವಿಗೆ ಆಗಲೇ ಬಿದ್ದಿವೆ. ಫಕೀರ: ಎಫ್-ಎ-ಕ್ಯೂ-ಐ-ಆರ್, 17 ಅಂಕ (ಬಿಲ್ಲೆಗಳ ಅಂಕಗಳ ಮೊತ್ತ, ಕ್ಯೂ ಒಂದಕ್ಕೇ 10). ತಲಾಖ್: ಟಿ-ಎ-ಎಲ್-ಎ-ಕ್ಯೂ, 14. ನಿಖಾಬ್: ಎನ್-ಐ-ಕ್ಯೂ-ಎ-ಬಿ, 16. ವಕ್ಫ್: ಡಬ್ಲ್ಯೂ-ಎ-ಕ್ಯೂ-ಎಫ್, ನಾಲ್ಕೇ ಅಕ್ಷರಕ್ಕೆ 19. ಊಟದ ಕುರ್ಮಾ ಕೂಡ ಕ್ಯೂ-ಒ-ಆರ್-ಎಂ-ಎ ಆಗಿ 16 ಅಂಕ ತರುತ್ತದೆ. ಖಾಜಿಗೆ ಕ್ಯೂ-ಎ-ಡಿ-ಐ, 14. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕಾರೇಜ್, ಅಂದರೆ ನೆಲದಡಿಯ ಸುರಂಗ ಕಾಲುವೆ ಇದೆಯಲ್ಲ, ಆ ಬಗೆಯ ನೀರಿನ ವ್ಯವಸ್ಥೆಗೆ ಇಂಗ್ಲಿಷ್ ನಿಘಂಟಿನಲ್ಲಿರುವ ಹೆಸರು ಕ್ಯೂ-ಎ-ಎನ್-ಎ-ಟಿ, 14. ಕವ್ವಾಲಿ ಏಳು ಅಕ್ಷರದ್ದು: ಕ್ಯೂ-ಎ-ಡಬ್ಲ್ಯೂ-ಡಬ್ಲ್ಯೂ-ಎ-ಎಲ್-ಐ. ಡಬ್ಲ್ಯೂ ಇರುವುದೇ 2, ಎರಡೂ ನಿಮ್ಮ ಕೈಗೆ ಬರುವುದು ಅಪರೂಪ. ಬಂದರೆ ಮಾತ್ರ 22ರ ಮೇಲೆ 50.

ಅರಬ್ಬಿಯಿಂದಾಚೆಗೆ ಚೀನಿ ಭಾಷೆಯ ಕ್ಯೂ-ಐ (ಪ್ರಾಣಶಕ್ತಿ, ಉಚ್ಚಾರ ‘ಚೀ’) ಎಲ್ಲಕ್ಕಿಂತ ಉಪಯುಕ್ತ. ಐ ಬಿಲ್ಲೆಗಳು 9 ಇರುವುದರಿಂದ ಇದು ಸುಲಭವಾಗಿ ಕೂಡಿಬರುತ್ತದೆ. ಹೀಬ್ರೂವಿನ ಎಸ್-ಎಚ್-ಇ-ಕ್ಯೂ-ಇ-ಎಲ್ (ನಾಣ್ಯ) 18. ಕೀಬೋರ್ಡಿನ ಮೇಲಿನ ಸಾಲಿನ ಮೊದಲ ಆರು ಅಕ್ಷರ ಸೇರಿದ ಕ್ವರ್ಟಿ 21.

ಮೊದಲ ವಾರ ಮೂರೇ ಕಲಿಯಿರಿ: ಕ್ಯೂ-ಐ, ಕ್ಯೂ-ಎ-ಟಿ (ಯೆಮೆನ್ ಕಡೆ ಎಲೆ ಜಗಿಯುವ ಗಿಡ), ಕ್ಯೂ-ಎ-ಡಿ-ಐ. ಮೂರಕ್ಕೂ ಕೊನೆಗೆ ಎಸ್ ಸೇರಿಸಬಹುದು. ಆಮೇಲೆ ಉಳಿದವು. ಬರೆದು ಓದುವುದಕ್ಕಿಂತ ಬಿಲ್ಲೆಗಳನ್ನು ಕಲಸಿಟ್ಟು ಪದ ಕಟ್ಟಿ ಅಭ್ಯಾಸ ಮಾಡಿ. ಆಟದಲ್ಲಿ ಅಕ್ಷರಗಳು ಸರಿಯಾದ ಕ್ರಮದಲ್ಲಿ ಕೈಗೆ ಬರುವುದಿಲ್ಲ.

ಪ್ರಶ್ನೆ: ಇರಾಕ್, ಕತಾರ್ ಎಂದು ಇಟ್ಟರೆ ಎದುರಾಳಿ ಒಪ್ಪುವುದಿಲ್ಲ. ಯಾಕೆ? (ತುಮಕೂರಿನ ವಿದ್ಯಾರ್ಥಿನಿ)

ಉತ್ತರ: ಅವು ದೇಶಗಳ ಹೆಸರು. ದೊಡ್ಡಕ್ಷರದಿಂದಲೇ ಬರೆಯಬೇಕಾದ ಅಂಕಿತನಾಮಗಳಿಗೆ ಅವಕಾಶವಿಲ್ಲ. ಇನ್ನೊಂದು ಎಚ್ಚರಿಕೆ: ಕನ್ನಡದ ‘ಖ’ ಕಂಡಲ್ಲೆಲ್ಲ ಕ್ಯೂ ಊಹಿಸಬೇಡಿ. ಖಾನ್, ಖಬರು ಪದಗಳಲ್ಲಿ ಇರುವುದು ಬೇರೆಯೇ ಅರಬ್ಬಿ ಅಕ್ಷರ, ರೋಮನ್ನಿನಲ್ಲಿ ಅದು ಕೆ-ಎಚ್. ಕೆ ಹಾಕಿದ ರೂಪವೂ ಕ್ಯೂ ಹಾಕಿದ ರೂಪವೂ ಎರಡೂ ಸಲ್ಲುವ ಪದಗಳು ಹಲವಿವೆ: ಫಕೀರ, ಕುರ್ಮಾ, ಶೆಕೆಲ್. ಆದರೆ ಪ್ರತಿಯೊಂದನ್ನೂ ಪಟ್ಟಿಯಲ್ಲಿ ನೋಡಿಯೇ ನಂಬಬೇಕು. ಇಲ್ಲಿ ಕೊಟ್ಟಿರುವುದು ಸ್ಕ್ರ್ಯಾಬಲ್‌ನಲ್ಲಿ ಸಲ್ಲುವ ಪದಗಳ ಕಾಲಿನ್ಸ್ ಪಟ್ಟಿಯ ಪದಗಳು. ಅಮೆರಿಕದ ಪಟ್ಟಿ ಬೇರೆ. ಯಾವ ಪಟ್ಟಿ ಎಂಬುದನ್ನು ಆಟಕ್ಕೆ ಕೂರುವ ಮೊದಲೇ ಮಾತಾಡಿಕೊಳ್ಳಿ. ಮಧ್ಯದಲ್ಲಿ ಎದ್ದ ಜಗಳವನ್ನು ಮನೆಯ ಯಾವುದೋ ಸಣ್ಣ ನಿಘಂಟು ಬಗೆಹರಿಸಲಾರದು.

ಪ್ರಶ್ನೆ: ಕ್ಯೂ-ಐ ಎರಡೇ ಅಕ್ಷರದಲ್ಲಿ 62 ಅಂಕ ಪಡೆಯಬಹುದಂತೆ. ಹೇಗೆ? (ಪುಣೆಯ ಕನ್ನಡ ಓದುಗರು)

ಉತ್ತರ: ಅಕ್ಷರಕ್ಕೆ ಮೂರು ಪಟ್ಟು ಕೊಡುವ ಮನೆಗಳು ಬೋರ್ಡಿನಲ್ಲಿ 12 ಇವೆ. ಅಂಥ ಒಂದು ಖಾಲಿ ಮನೆಯ ಕೆಳಗೆ ಆಗಲೇ ಒಂದು ಐ ಕೂತಿರಬೇಕು. ಕ್ಯೂವನ್ನು ಆ ಮೂರು ಪಟ್ಟಿನ ಮನೆಯಲ್ಲಿಟ್ಟು, ನಿಮ್ಮ ಕೈಯ ಐಯನ್ನು ಅದರ ಬಲಕ್ಕೆ ಇಡಿ. ಅಡ್ಡಕ್ಕೂ ಕ್ಯೂ-ಐ, ಉದ್ದಕ್ಕೂ ಕ್ಯೂ-ಐ. ಪ್ರತಿ ಪದಕ್ಕೆ 30 ಮತ್ತು 1 ಸೇರಿ 31, ಎರಡಕ್ಕೆ 62. ಹಲವರು ಎಡವುವುದು ಬಲಗಡೆಯ ಐ ಬಿಲ್ಲೆಯಲ್ಲಿ: ಅದರ ಮೇಲೆ, ಕೆಳಗೆ ಅಥವಾ ಬಲಕ್ಕೆ ಬೇರೆ ಅಕ್ಷರ ತಾಗಿದ್ದರೆ ಅಲ್ಲಿಯೂ ಸರಿಯಾದ ಪದವೇ ಆಗಬೇಕು, ಇಲ್ಲವಾದರೆ ಇಡೀ ನಡೆ ಬಿದ್ದುಹೋಗುತ್ತದೆ. ಕ್ಯೂ ಇನ್ನೂ ಹೊರಬಂದಿಲ್ಲದಿದ್ದರೆ ನೀವೂ ಇಂಥ ಮನೆಯ ಪಕ್ಕ ಐ ಬಿಟ್ಟುಕೊಡಬೇಡಿ.

ಪ್ರಶ್ನೆ: ಆಟ ಮುಗಿಯುತ್ತಾ ಬಂದಾಗ ಕ್ಯೂ ಸಿಕ್ಕಿಕೊಂಡರೆ? (ಶಿವಮೊಗ್ಗದ ಓದುಗರು)

ಉತ್ತರ: ಎದುರಾಳಿ ಮೊದಲು ಮುಗಿಸಿದರೆ ನಿಮ್ಮ 10 ಅಂಕ ಕಳೆದು, ಅದೇ 10 ಅವರಿಗೆ ಸೇರುತ್ತದೆ. ಒಟ್ಟು 20ರ ಅಂತರ. ಆದ್ದರಿಂದ ಚೀಲದಲ್ಲಿ ಸುಮಾರು 15 ಬಿಲ್ಲೆ ಉಳಿದಾಗಲೇ ಲೆಕ್ಕ ಹಾಕಿ: ಬೋರ್ಡಿನ ಮೇಲೆ ಯು ಎಷ್ಟು ಬಿದ್ದಿವೆ, ಐ ಎಷ್ಟು, ಕ್ಯೂ-ಐ ಇಡಲು ಜಾಗ ಎಲ್ಲಿದೆ. ದಾರಿ ಕಾಣದಿದ್ದರೆ ಬದಲಾಯಿಸಿ. ಬದಲಾಯಿಸಲು ಸಾಮಾನ್ಯ ನಿಯಮದ ಪ್ರಕಾರ ಚೀಲದಲ್ಲಿ ಕನಿಷ್ಠ 7 ಬಿಲ್ಲೆ ಇರಬೇಕು, 6ಕ್ಕೆ ಇಳಿದ ಮೇಲೆ ಆ ಬಾಗಿಲು ಮುಚ್ಚಿತು. ಮೊದಲು ಹೊಸ ಬಿಲ್ಲೆ ತೆಗೆದುಕೊಂಡು, ಆಮೇಲೆ ಕ್ಯೂವನ್ನು ಚೀಲಕ್ಕೆ ಹಾಕಬೇಕು. ಒಂದು ಸರದಿ ಹೋಗುತ್ತದೆ, ನಿಜ. ಆದರೆ ಅದೇ ಕ್ಯೂ ಆಮೇಲೆ ಎದುರಾಳಿಯ ಕೈಗೆ ಸಿಕ್ಕಿಬೀಳುವ ಸಾಧ್ಯತೆಯೂ ಇದೆ. ಕೈಯಲ್ಲಿ ಐ ಇದ್ದು ಜಾಗ ಮಾತ್ರ ಇಲ್ಲದಿದ್ದರೆ, ಚಿಕ್ಕ ಪದ ಇಟ್ಟು ಜಾಗ ತೆರೆಯುವುದು ಬದಲಾಯಿಸುವುದಕ್ಕಿಂತ ಮೇಲು. ಒಂದೇ ಕಡೆ ತೆರೆದರೆ ಎದುರಾಳಿ ಮುಚ್ಚಿಬಿಡುತ್ತಾರೆ. ಸಾಧ್ಯವಾದರೆ ಎರಡು ಕಡೆ ತೆರೆಯಿರಿ.