ಕೆಲವೇ ತಿಂಗಳಲ್ಲಿ ಮನೆಯಲ್ಲೇ ಸಿಗುವ ಸಿನಿಮಾ ನೋಡಲು ಚಿತ್ರೋತ್ಸವಕ್ಕೆ ಹೋಗಬೇಕೇ?

ನಿಮ್ಮ ಪ್ರಶ್ನೆಯಲ್ಲಿ ಎರಡು ಅನುಮಾನಗಳು ಸೇರಿಕೊಂಡಿವೆ. ಚಿತ್ರೋತ್ಸವದಲ್ಲಿ ತೋರಿಸುವ ಸಿನಿಮಾಗಳು ಹೇಗೂ ಒಟಿಟಿಗೆ ಬರುತ್ತವಲ್ಲ, ರಜೆ ಹಾಕಿ ಸರದಿಯಲ್ಲಿ ನಿಂತು ನೋಡುವ ಅಗತ್ಯವೇನು ಎಂಬುದು ಮೊದಲನೆಯದು. ಸೂಪರ್‌ಹೀರೋ ಚಿತ್ರಗಳನ್ನೂ ಮಾಸ್ ಸಿನಿಮಾಗಳನ್ನೂ ನೋಡಿಕೊಂಡು ಬೆಳೆದ ತಮ್ಮಂಥವರಿಗೆ ಅಲ್ಲಿ ಏನಾದರೂ ದಕ್ಕೀತೇ ಎಂಬುದು ಎರಡನೆಯದು. ಹಲವು ವರ್ಷಗಳಿಂದ ಚಿತ್ರೋತ್ಸವಗಳಿಗೆ ಹೋಗುತ್ತಿರುವ ನಾನು ಎರಡಕ್ಕೂ ಕೊಡುವ ಉತ್ತರ ಒಂದೇ: ಖಂಡಿತ ಹೋಗಿ. ಆದರೆ ದೊಡ್ಡ ಪರದೆ, ಒಳ್ಳೆಯ ಧ್ವನಿ ಎಂಬ ಎಲ್ಲರೂ ಹೇಳುವ ಕಾರಣಗಳಿಗಾಗಿ ಅಲ್ಲ. ಉತ್ಸವದಲ್ಲಿ ಕಂಡ ಎಷ್ಟೋ ಚಿತ್ರಗಳು ವಿತರಕರೇ ಸಿಗದೆ ಯಾವ ಒಟಿಟಿಗೂ ಬರುವುದಿಲ್ಲ ಎಂಬುದು ನಿಜ. ನನ್ನ ಮುಖ್ಯ ಕಾರಣ ಅದೂ ಅಲ್ಲ.

ಒಂದು ಜನಪ್ರಿಯ ಚಿತ್ರ ನಮ್ಮನ್ನು ತಲುಪುವ ಬಗೆಯನ್ನು ಗಮನಿಸಿ. ಮೊದಲು ಪೋಸ್ಟರ್, ಆಮೇಲೆ ಟೀಸರ್, ಟ್ರೇಲರ್, ಹಾಡುಗಳು, ನಟರ ಸಂದರ್ಶನಗಳು. ಬಿಡುಗಡೆಯ ದಿನ ಮೊದಲ ಆಟ ಮುಗಿಯುವಷ್ಟರಲ್ಲಿ ವಿಮರ್ಶೆ, ಗಳಿಕೆಯ ಅಂದಾಜು, ಮಾರನೆಯ ದಿನಕ್ಕೆ ಮೀಮ್‌ಗಳು. ನಾವು ಟಿಕೆಟ್ ಕೊಂಡು ಕುಳಿತುಕೊಳ್ಳುವ ಹೊತ್ತಿಗೆ ಎಲ್ಲಿ ಶಿಳ್ಳೆ ಹಾಕಬೇಕು, ಯಾವ ದೃಶ್ಯದಲ್ಲಿ ಕಣ್ಣು ತುಂಬಿಕೊಳ್ಳಬೇಕು, ಎರಡನೆಯ ಅರ್ಧ ಎಷ್ಟು ಎಳೆದಿದೆ ಎಂಬುದೆಲ್ಲ ತೀರ್ಮಾನವಾಗಿರುತ್ತದೆ. ಕೇಳಿದ್ದನ್ನೂ ಕಂಡದ್ದನ್ನೂ ತಾಳೆ ಹಾಕುವುದರಲ್ಲೇ ಅರ್ಧ ಗಮನ ಕಳೆದುಹೋಗುತ್ತದೆ. ಆ ಗದ್ದಲವನ್ನು ನಾನು ಹೀಗಳೆಯುತ್ತಿಲ್ಲ. ಲಕ್ಷಾಂತರ ಜನರೊಡನೆ ಒಂದೇ ವಾರ ಒಂದೇ ಕಥೆಯ ಬಗ್ಗೆ ಮಾತಾಡುವುದು ಸಿನಿಮಾ ಕೊಡುವ ದೊಡ್ಡ ಸಂತೋಷಗಳಲ್ಲಿ ಒಂದು. ಆದರೆ ಯಾರ ಅಭಿಪ್ರಾಯವೂ ತಾಗದ ಚಿತ್ರವನ್ನು ನೋಡುವ ಅನುಭವ ಇಂದು ಬಹಳ ಅಪರೂಪವಾಗಿದೆ, ಮತ್ತು ಅದು ಇನ್ನೂ ಉಳಿದಿರುವ ಜಾಗ ಚಿತ್ರೋತ್ಸವ. ಅಲ್ಲಿ ನಿಮ್ಮ ಕೈಯಲ್ಲಿರುವುದು ಉತ್ಸವದ ಕೈಪಿಡಿಯ ಮೂರು ಸಾಲಿನ ಕಥಾಸಾರ, ಒಂದು ಸ್ಥಿರಚಿತ್ರ, ನಿರ್ದೇಶಕರ ಹೆಸರು, ಅವಧಿ, ಇಷ್ಟೇ. ದೀಪ ಆರಿದ ಮೇಲೆ ಏನು ಬರುತ್ತದೆಂದು ನಿಮಗೂ ಗೊತ್ತಿಲ್ಲ, ಪಕ್ಕದವರಿಗೂ ಗೊತ್ತಿಲ್ಲ.

ನಾನು ಕಂಡ ಒಂದು ದೃಶ್ಯವನ್ನು ಹೇಳಿದರೆ ಇದು ಸ್ಪಷ್ಟವಾದೀತು. ನಡುವಯಸ್ಸಿನ ಒಬ್ಬಾತ ಬಾಗಿಲಿನ ಬೀಗವನ್ನು ಬಿಚ್ಚುತ್ತಿದ್ದಾನೆ. ಕ್ಯಾಮೆರಾ ಅಲುಗಾಡುವುದಿಲ್ಲ, ಹಿನ್ನೆಲೆ ಸಂಗೀತವಿಲ್ಲ. ಸ್ಕ್ರೂಗಳನ್ನು ಒಂದೊಂದಾಗಿ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಾನೆ, ತುಕ್ಕು ಉಜ್ಜುತ್ತಾನೆ, ಎಣ್ಣೆ ಬಿಡುತ್ತಾನೆ, ಮತ್ತೆ ಜೋಡಿಸಿ ಬೀಗದ ಕೈ ತಿರುಗಿಸಿ ನೋಡುತ್ತಾನೆ, ಸರಿಯಾಗಲಿಲ್ಲವೆಂದು ಮತ್ತೆ ಬಿಚ್ಚುತ್ತಾನೆ. ಸಭಾಂಗಣದಲ್ಲಿ ಕೆಮ್ಮು ಶುರುವಾಯಿತು, ಹಿಂದಿನ ಸಾಲಿನಲ್ಲಿ ಯಾರೋ ಎದ್ದು ಹೋದರು. ಕೊನೆಗೆ ಆತ ಹೊರಗೆ ಬಂದು, ಬಾಗಿಲೆಳೆದು ಬೀಗ ಹಾಕಿ, ಮೆಟ್ಟಿಲ ಬಳಿ ಕಾಯುತ್ತಿದ್ದ ಒಬ್ಬ ಯುವಕನ ಕೈಗೆ ಬೀಗದ ಕೈ ಕೊಟ್ಟು ನಡೆದುಬಿಡುತ್ತಾನೆ. ಅದು ಅವನದೇ ಮನೆ, ಈಗ ಮಾರಾಟವಾಗಿದೆ ಎಂಬುದು ನಮಗೆ ತಿಳಿದದ್ದು ಆಗ. ಇನ್ನೊಬ್ಬರ ಪಾಲಾದ ಮನೆಯ ಬೀಗವನ್ನು ಆತ ಅಷ್ಟು ಜತನದಿಂದ ಸರಿಪಡಿಸಿದ್ದನ್ನು ನಾವು ಕೆಮ್ಮುತ್ತ, ಗಡಿಯಾರ ನೋಡುತ್ತ ನೋಡಿದ್ದೆವು. ಆ ಬೇಸರವೂ ಸೇರಿ ದೃಶ್ಯ ಪೂರ್ತಿಯಾಯಿತು. ಮನೆಯಲ್ಲಾಗಿದ್ದರೆ ನಾನು ಹತ್ತು ಸೆಕೆಂಡು ಮುಂದಕ್ಕೆ ಹಾರಿಸುವ ಗುಂಡಿಯನ್ನು ಒತ್ತುತ್ತಿದ್ದೆ. ಅಥವಾ ಅದೇ ಭಾಗ ಮೊದಲೇ ಒಂದು ರೀಲ್ ಆಗಿ, "ಮನ ಕಲಕುವ ದೃಶ್ಯ" ಎಂಬ ತಲೆಬರಹ ಹೊತ್ತು ನನ್ನ ಫೋನಿಗೆ ಬಂದಿರುತ್ತಿತ್ತು. ಎರಡರಲ್ಲಿ ಯಾವುದಾದರೂ ಆ ಬೀಗ ನನ್ನ ಪಾಲಿಗೆ ಬರೀ ಬೀಗವಾಗಿ ಉಳಿಯುತ್ತಿತ್ತು.

ಇನ್ನು ಎರಡನೆಯ ಅನುಮಾನ. ಉತ್ಸವದ ಸಿನಿಮಾ ಬೇರೆ, ಜನರ ಸಿನಿಮಾ ಬೇರೆ ಎಂಬ ಮಾತು ಎರಡೂ ಕಡೆಯವರ ಬಾಯಲ್ಲಿ ಕೇಳಿಬರುತ್ತದೆ. ಸಿನಿಮಾದ ಚರಿತ್ರೆಯನ್ನು ತೆರೆದು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ ಅವರ 'ರಾಶೊಮಾನ್' 1951ರಲ್ಲಿ ವೆನಿಸ್ ಉತ್ಸವದ ಅತ್ಯುನ್ನತ ಪ್ರಶಸ್ತಿಯಾದ ಗೋಲ್ಡನ್ ಲಯನ್ ಗೆದ್ದಿತು. ಜಪಾನಿನ ನಿರ್ಮಾಣ ಸಂಸ್ಥೆಗೇ ಅದನ್ನು ಕಳಿಸಲು ಉತ್ಸಾಹವಿರಲಿಲ್ಲ. ಚಿತ್ರ ಸ್ಪರ್ಧೆಯಲ್ಲಿದೆ ಎಂಬುದು ಸ್ವತಃ ಕುರೊಸಾವಾ ಅವರಿಗೆ ತಿಳಿದಿರಲಿಲ್ಲ. ಆ ಪ್ರಶಸ್ತಿಯಿಂದಾಗಿ ಜಪಾನಿನ ಸಿನಿಮಾದ ಕಡೆಗೆ ಜಗತ್ತು ತಿರುಗಿ ನೋಡಿತು, ಒಂದೇ ಘಟನೆಯನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುವ ಅದರ ಕಥನಕ್ರಮ ಇಂದು ಟಿವಿ ಧಾರಾವಾಹಿಗಳ ಕಂತುಗಳಲ್ಲೂ ಸಲೀಸಾಗಿ ಬಳಕೆಯಾಗುತ್ತದೆ. 1954ರಲ್ಲಿ ವೆನಿಸ್‌ನಲ್ಲಿ ಸಿಲ್ವರ್ ಲಯನ್ ಪಡೆದ 'ಸೆವೆನ್ ಸಮುರಾಯ್' 1960ರ ಹೊತ್ತಿಗೆ ಕೌಬಾಯ್ ಟೋಪಿ ತೊಟ್ಟು 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' ಆಯಿತು. ಊರನ್ನು ಕಾಯಲು ಒಬ್ಬೊಬ್ಬರನ್ನೇ ಹುಡುಕಿ ತಂಡ ಕಟ್ಟುವ ಕಥೆಯನ್ನು ಸೂಪರ್‌ಹೀರೋ ಚಿತ್ರಗಳಲ್ಲಿ ನೀವು ಎಷ್ಟು ಸಲ ನೋಡಿದ್ದೀರೋ, ಅಷ್ಟು ಸಲ ಆ ಏಳು ಜನರ ನೆರಳನ್ನು ನೋಡಿದ್ದೀರಿ. 1959ರಲ್ಲಿ ಬರ್ಲಿನ್ ಉತ್ಸವದಲ್ಲಿ ಕುರೊಸಾವಾ ಅವರಿಗೆ ನಿರ್ದೇಶನದ ಸಿಲ್ವರ್ ಬೇರ್ ತಂದುಕೊಟ್ಟ 'ದಿ ಹಿಡನ್ ಫೋರ್ಟ್ರೆಸ್' ಎಂಬ ಚಿತ್ರದಲ್ಲಿ ರಾಜಕುಮಾರಿಯ ಕಥೆಯನ್ನು ನಾವು ಸದಾ ಜಗಳವಾಡುವ ಇಬ್ಬರು ಬಡ ರೈತರ ಬೆನ್ನ ಹಿಂದೆ ನಿಂತು ನೋಡುತ್ತೇವೆ. 1977ರ 'ಸ್ಟಾರ್ ವಾರ್ಸ್'ನಲ್ಲಿ ಇಬ್ಬರು ರೋಬೋಟ್‌ಗಳ ಮೂಲಕ ಕಥೆಗೆ ಪ್ರವೇಶಿಸುವ ಉಪಾಯ ತನಗೆ ಹೊಳೆದದ್ದು ಅಲ್ಲಿಂದಲೇ ಎಂದು ಅದರ ನಿರ್ದೇಶಕ ಜಾರ್ಜ್ ಲ್ಯೂಕಸ್ ಹೇಳಿಕೊಂಡಿದ್ದಾರೆ.

ಇದು ಒಂದೇ ದಿಕ್ಕಿನ ಹರಿವಲ್ಲ ಎಂಬುದು ನನಗೆ ಇನ್ನೂ ಪ್ರಿಯವಾದ ಸಂಗತಿ. ಕುರೊಸಾವಾ ಅವರು ಅಮೆರಿಕದ ನಿರ್ದೇಶಕ ಜಾನ್ ಫೋರ್ಡ್ ಅವರ ವೆಸ್ಟರ್ನ್, ಅಂದರೆ ಕೌಬಾಯ್ ಚಿತ್ರಗಳನ್ನು ಮನಸಾರೆ ಮೆಚ್ಚಿದವರು. ಅಂದರೆ ಥಿಯೇಟರಿನಲ್ಲಿ ದುಡ್ಡು ಮಾಡಿದ ಜನಪ್ರಿಯ ಸಿನಿಮಾವೇ ಅವರ ಪಾಠಶಾಲೆಗಳಲ್ಲಿ ಒಂದಾಗಿತ್ತು. ಅಲ್ಲಿಂದ ಪಡೆದ ರುಚಿ 'ಯೋಜಿಂಬೊ' ಆಯಿತು, 1961ರಲ್ಲಿ ವೆನಿಸ್‌ನಲ್ಲಿ ತೊಶಿರೊ ಮಿಫುನೆ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ತಂದಿತು, 1964ರಲ್ಲಿ ಇಟಲಿಯ ಸೆರ್ಜಿಯೊ ಲಿಯೊನೆ ಅವರ ಕೈಯಲ್ಲಿ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಆಗಿ ಮತ್ತೆ ವೆಸ್ಟರ್ನ್ ಆಯಿತು. ಅನುಮತಿ ಪಡೆಯದೆ ಮಾಡಿದ್ದರಿಂದ ಅದು ಹಕ್ಕುಸ್ವಾಮ್ಯದ ವ್ಯಾಜ್ಯಕ್ಕೂ ಕಾರಣವಾಯಿತು. ಮಾತು ಕಡಿಮೆ, ನಡಿಗೆಯಲ್ಲೇ ಠೀವಿ, ಎಲ್ಲಿಂದಲೋ ಬಂದು ಊರಿನ ಎರಡು ಬಣಗಳನ್ನೂ ಮಟ್ಟ ಹಾಕಿ ಹೊರಟುಹೋಗುವ ನಾಯಕನನ್ನು ಮಾಸ್ ಸಿನಿಮಾದಲ್ಲಿ ನೋಡಿ ನೀವು ಚಪ್ಪಾಳೆ ತಟ್ಟಿದ್ದರೆ, ಉತ್ಸವದ ಪರದೆಯ ಮೇಲೆ 'ಯೋಜಿಂಬೊ' ಬಂದಾಗ ಅದಕ್ಕೂ ತಟ್ಟುತ್ತೀರಿ. ಅದಕ್ಕೆ ಯಾವ ತಯಾರಿಯೂ ಬೇಕಿಲ್ಲ.

ಫ್ರಾನ್ಸಿನ ನಿರ್ದೇಶಕ ಗೊದಾರ್ ಅವರ 'ಬ್ರೆತ್‌ಲೆಸ್' ಚಿತ್ರದ ಒಂದು ಗಳಿಗೆಯನ್ನೂ ಇಲ್ಲಿ ನೆನೆಯಬೇಕು. ಕಾರು ಕದಿಯುವ ಅದರ ನಾಯಕ ಒಂದು ಥಿಯೇಟರಿನ ಮುಂದೆ ನಿಂತು ಹಾಲಿವುಡ್ ನಟ ಹಂಫ್ರಿ ಬೊಗಾರ್ಟ್ ಅವರ ಭಾವಚಿತ್ರವನ್ನು ದಿಟ್ಟಿಸುತ್ತ ಹೆಬ್ಬೆರಳಿನಿಂದ ತುಟಿ ಸವರಿಕೊಳ್ಳುತ್ತಾನೆ. ತನ್ನ ಮೆಚ್ಚಿನ ನಟನಂತೆ ಸಿಗರೇಟು ಹಿಡಿದ, ಕೂದಲು ತೀಡಿದ ಜಗತ್ತಿನ ಎಲ್ಲ ಅಭಿಮಾನಿಗಳೂ ಆ ಒಂದು ಸನ್ನೆಯಲ್ಲಿದ್ದಾರೆ. ಪಾಪ್ ಸಂಸ್ಕೃತಿ ಮನುಷ್ಯನ ಮೈಯಲ್ಲಿ ಹೇಗೆ ಇಳಿದು ಕೂರುತ್ತದೆ ಎಂಬುದನ್ನು ಇಷ್ಟು ಚಿಕ್ಕದಾಗಿ ತೋರಿಸಿದ ಇನ್ನೊಂದು ದೃಶ್ಯ ನನಗೆ ನೆನಪಾಗುತ್ತಿಲ್ಲ. ಆ ಚಿತ್ರಕ್ಕೆ 1960ರಲ್ಲಿ ಬರ್ಲಿನ್‌ನಲ್ಲಿ ನಿರ್ದೇಶನ ಪ್ರಶಸ್ತಿ ಬಂತು. ಒಂದೇ ಶಾಟ್‌ನ ನಡುವಿನ ತುಣುಕುಗಳನ್ನು ಕತ್ತರಿಸಿ ಹಾಕಿ ಚಿತ್ರ ತಟಕ್ಕನೆ ಜಿಗಿಯುವಂತೆ ಮಾಡಿದ ಅದರ ಸಂಕಲನವನ್ನು ಅಂದು ಹಲವರು ನಿಯಮಭಂಗವೆಂದರು. ಇಂದು ಕ್ಯಾಮೆರಾ ಎದುರು ಕುಳಿತು ಮಾತಾಡುವ ಪ್ರತಿಯೊಬ್ಬ ವಿಡಿಯೊ ಬ್ಲಾಗರ್ ಎರಡು ವಾಕ್ಯಗಳ ನಡುವಿನ ಉಸಿರನ್ನು ಕತ್ತರಿಸುವುದು ಅದೇ ರೀತಿಯಲ್ಲಿ.

ಹಾಗೆಂದು ಉತ್ಸವಗಳು ಎಲ್ಲ ಗದ್ದಲದಿಂದ ದೂರವಿರುವ ಪವಿತ್ರ ಸ್ಥಳಗಳೆಂದು ಭಾವಿಸಬೇಡಿ. ಕಾನ್ ಉತ್ಸವ ಹುಟ್ಟಿದ್ದೇ ರಾಜಕೀಯದಿಂದ. 1932ರಲ್ಲಿ ಆರಂಭವಾದ ವೆನಿಸ್ ಉತ್ಸವದ ಪ್ರಶಸ್ತಿಗಳು 1938ರಲ್ಲಿ ಫ್ಯಾಸಿಸ್ಟ್ ಮತ್ತು ನಾಜಿ ಒತ್ತಡಕ್ಕೆ ಮಣಿದವು ಎಂಬ ಸಿಟ್ಟಿನಲ್ಲಿ ಫ್ರಾನ್ಸ್ ತನ್ನದೇ ಉತ್ಸವಕ್ಕೆ ಮುಂದಾಯಿತು. 1939ರ ಸೆಪ್ಟೆಂಬರ್‌ನಲ್ಲಿ ಮಹಾಯುದ್ಧ ಆರಂಭವಾಗಿ ಅದು ನಿಂತುಹೋಗಿ, 1946ರಲ್ಲಷ್ಟೇ ನಡೆಯಿತು. ಈಗಿನ ಗದ್ದಲದ ಬಗೆ ಬೇರೆ. ರೆಡ್ ಕಾರ್ಪೆಟ್‌ನ ಉಡುಪುಗಳ ಚಿತ್ರ ಮೊದಲು ಬರುತ್ತದೆ, ಆಮೇಲೆ ಯಾವ ಚಿತ್ರಕ್ಕೆ ಎಷ್ಟು ನಿಮಿಷ ಎದ್ದುನಿಂತು ಚಪ್ಪಾಳೆ ತಟ್ಟಿದರು ಎಂಬ ಲೆಕ್ಕ ಸುದ್ದಿಯಾಗುತ್ತದೆ. ಈ ಲೆಕ್ಕದಿಂದ ನನಗೆ ನಿಜಕ್ಕೂ ನೋವಾಗುತ್ತದೆ, ಏಕೆಂದರೆ ಅಭಿಪ್ರಾಯ ತಾಗದೆ ನೋಡುವ ಕೊನೆಯ ಜಾಗವನ್ನೂ ಅದು ಆಕ್ರಮಿಸುತ್ತಿದೆ. ಮೊದಲ ದಿನದ ಸಭೆಯ ಪ್ರತಿಕ್ರಿಯೆ ಎಷ್ಟು ನಂಬಲಾಗದ್ದು ಎಂಬುದಕ್ಕೆ ಇಟಲಿಯ ನಿರ್ದೇಶಕ ಆಂಟೋನಿಯೋನಿ ಅವರ 'ಲಾವೆಂಚುರಾ' ಒಂದೇ ಸಾಕು. 1960ರ ಕಾನ್ ಪ್ರದರ್ಶನದಲ್ಲಿ ಪ್ರೇಕ್ಷಕರು ಕೂಗಿ ಗೇಲಿ ಮಾಡಿದರು. ಕೂಡಲೇ ಹಲವು ಚಿತ್ರಕರ್ಮಿಗಳೂ ವಿಮರ್ಶಕರೂ ಹೇಳಿಕೆಯೊಂದಕ್ಕೆ ಸಹಿ ಹಾಕಿ ಅದರ ಪರ ನಿಂತರು. ಅದೇ ಉತ್ಸವದಲ್ಲಿ ಅದಕ್ಕೆ ಜ್ಯೂರಿ ಪ್ರಶಸ್ತಿ ಬಂತು. ಎರಡು ವರ್ಷಗಳ ನಂತರ 'ಸೈಟ್ ಅಂಡ್ ಸೌಂಡ್' ಪತ್ರಿಕೆ ನಡೆಸಿದ ವಿಮರ್ಶಕರ ಮತದಾನದಲ್ಲಿ ಅದು ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪೈಕಿ ಎರಡನೆಯ ಸ್ಥಾನದಲ್ಲಿತ್ತು. ಅತ್ತ 2019ರಲ್ಲಿ ಕಾಮಿಕ್ ಪುಸ್ತಕದ ಖಳನಾಯಕನ ಕಥೆಯಾದ 'ಜೋಕರ್' ವೆನಿಸ್‌ನ ಗೋಲ್ಡನ್ ಲಯನ್ ಗೆದ್ದಿತು. ಅದೇ ವರ್ಷ ಕಾನ್‌ನಲ್ಲಿ ಅಲ್ಲಿನ ಅತ್ಯುನ್ನತ ಪ್ರಶಸ್ತಿಯಾದ ಪಾಮ್ ಡೋರ್ ಪಡೆದ ಕೊರಿಯಾದ 'ಪ್ಯಾರಸೈಟ್' 2020ರ ಆಸ್ಕರ್ ಸಮಾರಂಭದಲ್ಲಿ, ಇಂಗ್ಲಿಷೇತರ ಭಾಷೆಯ ಚಿತ್ರವೊಂದಕ್ಕೆ ಮೊದಲ ಬಾರಿಗೆ, ಅತ್ಯುತ್ತಮ ಚಿತ್ರ ಪ್ರಶಸ್ತಿ ತಂದಿತು.

ಹೋಗುವುದೆಂದು ನಿರ್ಧರಿಸಿದರೆ ಕೆಲವು ಮಾತು. ದಿನಕ್ಕೆ ಮೂರು ಚಿತ್ರಗಳಿಗಿಂತ ಹೆಚ್ಚು ನೋಡಬೇಡಿ. ನಾಲ್ಕನೆಯದು ಎಷ್ಟೇ ಒಳ್ಳೆಯದಿದ್ದರೂ ಎರಡನೆಯದರ ಜೊತೆ ಕಲಸಿಹೋಗುತ್ತದೆ. ನಿಧಾನಗತಿಯ ಚಿತ್ರಗಳನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ಎರಡು ಪ್ರದರ್ಶನಗಳ ನಡುವೆ ಮುಂದಿನ ಚಿತ್ರದ ರೇಟಿಂಗ್ ಹುಡುಕುವ ಬದಲು ಸರದಿಯಲ್ಲಿ ನಿಂತವರನ್ನು ಮಾತಾಡಿಸಿ. ಅಪರಿಚಿತರು "ಆ ಚಿತ್ರ ನೋಡಿದಿರಾ?" ಎಂದು ತಾವಾಗಿಯೇ ಕೇಳುವ ಜಾಗ ಅದು, ನನ್ನ ಎಷ್ಟೋ ಒಳ್ಳೆಯ ಆಯ್ಕೆಗಳು ಬಂದದ್ದು ಹಾಗೆ. ನಿರ್ದೇಶಕರೊಡನೆ ಸಂವಾದವಿದ್ದರೆ ತಪ್ಪದೆ ಕುಳಿತುಕೊಳ್ಳಿ. ಚಿತ್ರದ ಅರ್ಥವೇನೆಂದು ಕೇಳಿದರೆ ಅವರು ಸಾಮಾನ್ಯವಾಗಿ ಜಾರಿಕೊಳ್ಳುತ್ತಾರೆ. ಆ ಮಳೆ ನಿಜವಾದದ್ದೇ, ಆ ಮಗುವಿನಿಂದ ನಟನೆ ಹೇಗೆ ತೆಗೆದಿರಿ ಎಂದು ಕೇಳಿದರೆ ಮನಸ್ಸು ಬಿಚ್ಚಿ ಮಾತಾಡುತ್ತಾರೆ.

ಮೊದಲ ಸಲ ಏನನ್ನು ಆರಿಸಿಕೊಳ್ಳಬೇಕೆಂಬ ಗೊಂದಲವಿದ್ದರೆ ಸ್ಪರ್ಧಾ ವಿಭಾಗವನ್ನು ಬಿಟ್ಟು ಬೇರೆ ಕಡೆಯಿಂದ ಆರಂಭಿಸಿ. ಅನೇಕ ಉತ್ಸವಗಳಲ್ಲಿ ಸಾಹಸ, ಭಯಾನಕ ಮತ್ತು ಫ್ಯಾಂಟಸಿ ಚಿತ್ರಗಳಿಗೆ ತಡರಾತ್ರಿಯ ವಿಭಾಗವಿರುತ್ತದೆ. ಟೊರಾಂಟೊ ಉತ್ಸವದ 'ಮಿಡ್‌ನೈಟ್ ಮ್ಯಾಡ್‌ನೆಸ್' 1988ರಿಂದ ನಡೆಯುತ್ತಿದೆ, ಸ್ಪೇನಿನ ಸಿಟ್ಜೆಸ್ ಉತ್ಸವವಂತೂ 1968ರಿಂದ ಇಂಥ ಚಿತ್ರಗಳಿಗೇ ಮೀಸಲು. ಅಲ್ಲಿ ಪ್ರೇಕ್ಷಕರು ಕೂಗುತ್ತಾರೆ, ನಗುತ್ತಾರೆ, ನೀವು ಬೆಳೆದ ಥಿಯೇಟರಿನ ಸದ್ದು ಅಲ್ಲೂ ಇರುತ್ತದೆ. ಆಮೇಲೆ ಹಳೆಯ ಚಿತ್ರಗಳನ್ನು ಮತ್ತೆ ತೋರಿಸುವ ಸಿಂಹಾವಲೋಕನ ವಿಭಾಗದಲ್ಲಿ ಹಳೆಯದೊಂದು ಪುನಶ್ಚೇತನಗೊಂಡ ಚಿತ್ರ, ಆಮೇಲೆ ನೀವು ಹೆಸರೇ ಕೇಳದ ನಿರ್ದೇಶಕರ ಮೊದಲ ಸಿನಿಮಾ ಒಂದು. ಆ ಮೂರನೆಯದರ ಕಥಾಸಾರವನ್ನು ಕೂಡ ಓದದೆ ಒಳಗೆ ಹೋಗಿ, ಮೊದಲ ಇಪ್ಪತ್ತು ನಿಮಿಷ ಏನೇ ಆದರೂ ಎದ್ದು ಬರಬೇಡಿ.