ದಾಳದ ಸಾಲ ಮಾಡಿಕೊಂಡ ಸನ್ಯಾಸಿನಿ

ಮಧ್ಯಯುಗದ ಇಂಗ್ಲೆಂಡಿನ ರಾಜರು ಮದುವೆ ಖರ್ಚು ಉಳಿಸಲು ಹೆಣ್ಣುಮಕ್ಕಳನ್ನು ಸನ್ಯಾಸಿನಿ ಮಾಡುತ್ತಿದ್ದರಾ ಅಂತ ಕೇಳಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ. 13ನೇ ಶತಮಾನದ ರಾಜ ಒಂದನೇ ಎಡ್ವರ್ಡ್‌ನ ಮಗಳು ಮೇರಿಯ ಬಗ್ಗೆ ಓದಿದ ಮೇಲೆ ಆ ಲೆಕ್ಕ ತಲೆಕೆಳಗಾಯಿತು.

1285ರಲ್ಲಿ ವಿಲ್ಟ್‌ಶೈರ್‌ನ ಏಮ್ಸ್‌ಬರಿ ಮಠದಲ್ಲಿ ಮೇರಿಗೆ ಮುಸುಕು ಹಾಕಿಸಿದರು, ಅಂದರೆ ಸನ್ಯಾಸಿನಿ ಮಾಡಿದರು. ಆಗ ಅವಳಿಗೆ ಆರೇಳು ವರ್ಷ. ಜೊತೆಗೆ ದೊಡ್ಡ ಮನೆತನಗಳ 13 ಹುಡುಗಿಯರು. ಹಟ ಹಿಡಿದದ್ದು ಅಪ್ಪ ಅಲ್ಲ, ಅಜ್ಜಿ! ವಿಧವೆಯಾಗಿದ್ದ ಪ್ರೊವಾನ್ಸ್‌ನ ಎಲೀನರ್ ತಾನೂ ಅದೇ ಮಠ ಸೇರಲು ಹೊರಟಿದ್ದಳು. ಮೊಮ್ಮಗಳೂ ಅಲ್ಲಿರಲಿ ಅಂತ ಅವಳ ಆಸೆ. ಮೇರಿಯ ತಾಯಿಗೆ ಅಷ್ಟೇನೂ ಮನಸ್ಸಿರಲಿಲ್ಲ. ಕೊನೆಗೆ ಅತ್ತೆಯ ಮಾತೇ ನಡೆಯಿತು. ಮಗುವನ್ನು ಯಾರು ಕೇಳುತ್ತಾರೆ, ಅಲ್ವಾ?

ಖರ್ಚಂತೂ ಉಳಿಯಲಿಲ್ಲ. ಮೇರಿಗೆ ವರ್ಷಕ್ಕೆ 100 ಪೌಂಡ್, ಆಮೇಲೆ 200. ಅದರ ಮೇಲೆ ರಾಜನ ಕಾಡುಗಳಿಂದ 40 ಓಕ್ ಮರ, ಸೌತಾಂಪ್ಟನ್‌ನಿಂದ 20 ದೊಡ್ಡ ಪೀಪಾಯಿ ವೈನ್. ಬಟ್ಟೆಗೆ ಬೇರೆಯವರಿಗಿಂತ ಎರಡು ಪಟ್ಟು ಹಣ. ಇರಲು ಬೇರೆ ಕೋಣೆಗಳು. ಅವಳು ಮಠದಲ್ಲಿ ಸುಮ್ನೆ ಕೂತವಳೂ ಅಲ್ಲ. 1297ರಲ್ಲಿ ತಂಗಿ ಎಲಿಜಬೆತ್ ಹಾಲೆಂಡಿಗೆ ಹೊರಡುವ ಮುಂಚೆ ಐದು ವಾರ ಆಸ್ಥಾನದಲ್ಲೇ ಇದ್ದಳು. ಅಲ್ಲಿಗೆ ಹೋದಾಗಲೆಲ್ಲ ದಾಳದ ಜೂಜು ಬೇರೆ. ಸಾಲ ಎಷ್ಟು ಏರಿತ್ತೆಂದರೆ, ತೀರಿಸಲು 1305ರಲ್ಲಿ 200 ಪೌಂಡ್ ಕೊಡಬೇಕಾಯಿತು.

ಹೆಣ್ಣುಮಕ್ಕಳನ್ನು ಮಠಕ್ಕೆ ಒಪ್ಪಿಸುವ ಪದ್ಧತಿ ತುಂಬಾ ಹಳೆಯದು. ಇಂಗ್ಲೆಂಡಿನ ಉತ್ತರದಲ್ಲಿದ್ದ ನಾರ್ಥಂಬ್ರಿಯಾ ರಾಜ್ಯದ ರಾಜ ಓಸ್ವಿ 655ರಲ್ಲಿ ಯುದ್ಧಕ್ಕೆ ಹೊರಟಾಗ, ಗೆದ್ದರೆ ಮಗಳನ್ನು ದೇವರಿಗೆ ಒಪ್ಪಿಸುತ್ತೇನೆ ಅಂತ ಹರಕೆ ಹೊತ್ತ. ಗೆದ್ದ. ಮಗಳು ಆಲ್ಫ್ಲೆಡ್‌ಗೆ ಆಗ ಬರೀ ಒಂದು ವರ್ಷ. ಮುಂದೆ ಅವಳು ವಿಟ್ಬಿ ಮಠದ ಮುಖ್ಯಸ್ಥೆಯೇ ಆದಳು.

ನಿಮ್ಮ ಊಹೆ ಸ್ವಲ್ಪ ಹೊಂದುವುದು 15ನೇ ಶತಮಾನದ ರಾಜ ನಾಲ್ಕನೇ ಎಡ್ವರ್ಡ್‌ನ ಕಿರಿಮಗಳು ಬ್ರಿಜೆಟ್‌ಗೆ ಅನ್ನಿಸುತ್ತದೆ. ಅವಳಿಗೆ ಮೂರು ತುಂಬುವ ಮೊದಲೇ ಅಪ್ಪ ತೀರಿಕೊಂಡ, ಅಣ್ಣಂದಿರ ಕೈಗೆ ಸಿಂಹಾಸನ ಉಳಿಯಲಿಲ್ಲ. ಡಾರ್ಟ್‌ಫರ್ಡ್ ಮಠದಲ್ಲಿದ್ದ ಅವಳ ಖರ್ಚಿಗೆ ರಾಣಿಯಾಗಿದ್ದ ಅಕ್ಕ ಹಣ ಕಳಿಸುತ್ತಿದ್ದಳು. ಓಕ್ ಮರ, ವೈನ್ ಎಲ್ಲ ಅವಳಿಗೆಲ್ಲಿ?

ಮತ್ತೆ ಮೇರಿಯದೇ ಒಂದು ವಿಷಯ. ಅವಳ ಅಕ್ಕನ ಮಗಳನ್ನು ಮದುವೆಯಾಗಿದ್ದ ಜಾನ್ ಡಿ ವಾರೆನ್‌ಗೆ ಹೆಂಡತಿಯನ್ನು ಬಿಡಬೇಕಿತ್ತು. 1345ರಲ್ಲಿ ಅವನು ಹೊಸ ಕಾರಣ ತಂದ: ಮದುವೆಗೆ ಮುಂಚೆ ತನಗೂ ಹೆಂಡತಿಯ ಚಿಕ್ಕಮ್ಮ ಮೇರಿಗೂ ಸಂಬಂಧ ಇತ್ತಂತೆ, ಹಾಗಾಗಿ ಈ ಮದುವೆ ಊರ್ಜಿತವಲ್ಲವಂತೆ. ನಿಜವೋ ಸುಳ್ಳೋ, ಮೇರಿ ಸತ್ತು ಆಗಲೇ 13 ವರ್ಷ ಆಗಿತ್ತು.